ಎಡಗಾಲಿಗೂ ಅದೇ

ಕ್ಲಿನಿಕ್ಕಿಗೆ ಬರುವವರೆಲ್ಲ ಅವಳನ್ನು ಅಳತೆಯಕ್ಕ ಎಂದೇ ಕರೆಯುತ್ತಿದ್ದರು. ಎಪ್ಪತ್ತು ದಾಟಿದ ಮುದುಕರೂ ಅಕ್ಕ ಅನ್ನುತ್ತಿದ್ದರು. ಇನ್ನೂ ಐವತ್ತು ತುಂಬದ ಅವಳು ಅದಕ್ಕೆ ಬೇಜಾರು ಮಾಡಿಕೊಂಡವಳಲ್ಲ. ಹತ್ತೊಂಬತ್ತು ವರ್ಷದಿಂದ ಅವಳ ಕೆಲಸ ಒಂದೇ, ಬಂದವರ ಕಾಲು ಅಳೆಯುವುದು. ಕಾಲಿನ ರಕ್ತನಾಳಗಳ ಡಾಕ್ಟರ ಕೋಣೆಯ ಪಕ್ಕದಲ್ಲಿ ಪರದೆ ಎಳೆದ ಇಕ್ಕಟ್ಟಿನ ಜಾಗ ಅವಳದು. ರೋಗಿ ಹತ್ತಿ ನಿಲ್ಲಲು ಒಂದು ಮರದ ಪೀಠ, ಅವಳು ಕೂರಲು ಒಂದು ಕುಳ್ಳ ಸ್ಟೂಲು, ಗೋಡೆಯುದ್ದಕ್ಕೂ ಬಿಗಿ ಕಾಲುಚೀಲಗಳ ಡಬ್ಬಿಗಳು. ಕೊರಳಲ್ಲಿ ಸದಾ ಒಂದು ಹಳದಿ ಟೇಪು. ಅದನ್ನು ತೆಗೆಯಲು ಮರೆತು ಹಾಗೇ ಬಸ್ಸು ಹತ್ತಿದ್ದುಂಟು, ಪಕ್ಕದಲ್ಲಿ ಕೂತವರು ದರ್ಜಿ ಅಂದುಕೊಂಡು ಬಟ್ಟೆ ಹೊಲಿಯಲು ಎಷ್ಟು ದಿನ ಬೇಕು ಎಂದು ಕೇಳಿದ್ದೂ ಉಂಟು.

ಮುಖಗಳು ಅವಳಿಗೆ ನೆನಪಿರುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ‘ನಮಸ್ಕಾರ ಅಕ್ಕ’ ಅಂದವರನ್ನು ಪಿಳಿಪಿಳಿ ನೋಡುತ್ತಿದ್ದಳು. ಅವರು ಪ್ಯಾಂಟು ಮೊಣಕಾಲಿಗೆ ಮಡಚಿದ ಕೂಡಲೇ, “ಓ, ನೀವಾ! ಬೇಕರಿಯವರಲ್ವಾ?” ಎಂದು ನಗುತ್ತಿದ್ದಳು. ಅಡುಗೆಯವರ ಕಾಲು, ಮೇಷ್ಟರ ಕಾಲು, ಕೌಂಟರಿನ ಹಿಂದೆ ನಿಂತು ನಿಂತು ಸೋತವರ ಕಾಲು, ಎಲ್ಲದರ ಗುರುತು ಅವಳಿಗೆ ಬೇರೆ ಬೇರೆ ಸಿಗುತ್ತಿತ್ತು. ಮೊಣಕಾಲಿನ ಹಿಂದೆ, ತೊಡೆಯ ಹೊರಮಗ್ಗುಲಿಗೆ, ಕಣಕಾಲಿನ ಗಂಟಿನ ಸುತ್ತ ಕೆಂಪಗೆ, ನೀಲಿಯಾಗಿ ಜೇಡ ಬಲೆ ನೇಯ್ದ ಹಾಗೆ ಎಳೆಎಳೆಯಾಗಿ ಹರಡಿದ ನಾಳಗಳು. ಜನ ಎಲ್ಲದಕ್ಕೂ ನರ ಅನ್ನುತ್ತಾರೆ. ಅಳತೆಯಕ್ಕನಿಗೆ ಅದೊಂದು ಮಾತು ಕೇಳಿದರೆ ಮೈ ಉರಿಯುತ್ತಿತ್ತು.

“ನರ ಅಲ್ಲ ಸ್ವಾಮಿ, ರಕ್ತನಾಳ,” ಎಂದು ಶುರು ಮಾಡುತ್ತಿದ್ದಳು. “ಕಾಲಿನ ರಕ್ತ ಮೇಲಕ್ಕೆ ಹತ್ತಬೇಕಲ್ಲ, ದಾರೀಲಿ ಸಣ್ಣಸಣ್ಣ ಬಾಗಿಲು ಇರ್ತಾವೆ. ಮೇಲೆ ಹೋಗೋಕೆ ಬಿಡ್ತಾವೆ, ಕೆಳಗೆ ಬರೋಕೆ ಬಿಡಲ್ಲ. ನಿಂತು ನಿಂತು, ಮಕ್ಕಳನ್ನ ಹೊತ್ತು ಹೆತ್ತು, ಅಮ್ಮನಿಂದ ಬಂದ ಬಳುವಳಿನೂ ಸೇರಿ ಆ ಬಾಗಿಲು ಸಡಿಲ ಆಗುತ್ತೆ. ರಕ್ತ ಅಲ್ಲೇ ನಿಲ್ಲುತ್ತೆ, ಚರ್ಮದ ಕೆಳಗಿನ ಕೂದಲೆಳೆಯಂಥ ನಾಳ ಉಬ್ಬುತ್ತೆ. ನೋಡೋಕೆ ಚೆನ್ನಾಗಿಲ್ಲ, ಸಂಜೆ ಹೊತ್ತಿಗೆ ಸ್ವಲ್ಪ ಉರಿ, ಸ್ವಲ್ಪ ಭಾರ. ಅಷ್ಟೇ. ಜೀವಕ್ಕೇನೂ ಇಲ್ಲ.”

ಈ ಭಾಷಣವನ್ನು ಅವಳು ಎಷ್ಟು ಸಾವಿರ ಸಲ ಮಾಡಿದ್ದಳೋ. ಡಾಕ್ಟರು ಮುಂದೆ ಏನು ಮಾಡುತ್ತಾರೆ ಎನ್ನುವುದೂ ಅವಳ ಬಾಯಲ್ಲೇ ಬರುತ್ತಿತ್ತು. ಕಣ್ಣಿಗೆ ಕಾಣದಷ್ಟು ಸಣ್ಣ ಸೂಜಿಯಿಂದ ಆ ಎಳೆಯೊಳಕ್ಕೆ ಔಷಧ ಬಿಡುತ್ತಾರೆ, ನಾಳದ ಗೋಡೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ರಕ್ತ ಬೇರೆ ದಾರಿ ಹಿಡಿಯುತ್ತದೆ, ಅಂಟಿದ್ದನ್ನು ಮೈ ತಾನೇ ನಿಧಾನಕ್ಕೆ ಕರಗಿಸಿಕೊಳ್ಳುತ್ತದೆ. ಆಮೇಲೆ ಎರಡು ವಾರ ಬಿಗಿ ಕಾಲುಚೀಲ ಹಾಕಬೇಕು, ದಿನಾ ನಡೆಯಬೇಕು, ಬಿಸಿನೀರಿನ ತೊಟ್ಟಿಯಲ್ಲಿ ಕೂರಬಾರದು. ಒಂದೆರಡು ತಿಂಗಳಿಗೆ ಬಲೆ ಮಾಸುತ್ತದೆ. ಬೇರೆ ಕಡೆ ಹೊಸದು ಹುಟ್ಟಬಹುದು, ಅದಕ್ಕೆ ಯಾರೂ ಗ್ಯಾರಂಟಿ ಕೊಡುವುದಿಲ್ಲ.

ಇಷ್ಟಕ್ಕೆಲ್ಲ ಮೊದಲು ಅಳತೆ. ಡಾಕ್ಟರು ಮಾತಿನಲ್ಲಿ ಬೆಣ್ಣೆಯಂಥವರು, ಅಳತೆಯ ವಿಷಯಕ್ಕೆ ಬಂದರೆ ಮಾತ್ರ ಕಲ್ಲು. ರೋಗಿ ನಿಂತೇ ಇರಬೇಕು, ಬೆಳಗಿನ ಹೊತ್ತಾಗಿರಬೇಕು, ಎರಡೂ ಕಾಲನ್ನು ಬೇರೆ ಬೇರೆ ಅಳೆಯಬೇಕು. ಒಬ್ಬರು ಟೇಪು ಹಿಡಿದು ಅಂಕಿಯನ್ನು ಜೋರಾಗಿ ಹೇಳಬೇಕು, ಇನ್ನೊಬ್ಬರು ಕಾರ್ಡಿನಲ್ಲಿ ಬರೆಯಬೇಕು. ಕಾರ್ಡಿನಲ್ಲಿ ಎರಡು ಸಾಲು, ಬಲ ಮತ್ತು ಎಡ. “ಮನುಷ್ಯನ ಎರಡು ಕಾಲು ಅವಳಿಗಳಲ್ಲ, ಅಕ್ಕತಂಗಿಯರು,” ಎಂದು ಡಾಕ್ಟರು ಹೊಸಬರಿಗೆಲ್ಲ ಹೇಳುತ್ತಿದ್ದರು. ಮೀನಖಂಡದ ಸುತ್ತಳತೆ ಒಂದು ಕಾಲಿಗೂ ಇನ್ನೊಂದಕ್ಕೂ ಎರಡು ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸೂಜಿ ಮುಟ್ಟುವಂತಿಲ್ಲ. ಮೊದಲು ಸ್ಕ್ಯಾನು. ಮೇಲಿನ ಬಲೆ ಬರೀ ತೋರಿಕೆಯದು, ಆದರೆ ಆಳದ ದೊಡ್ಡ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಕೂತಿದ್ದರೆ ಅದು ಒಂದು ದಿನ ಕಿತ್ತು ಎದೆಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಹತ್ತೊಂಬತ್ತು ವರ್ಷದಲ್ಲಿ ಹಾಗೆ ನಾಲ್ಕು ಜನ ಅಳತೆಯಕ್ಕನ ಟೇಪಿನಲ್ಲಿ ಸಿಕ್ಕಿಬಿದ್ದು ಉಳಿದುಕೊಂಡಿದ್ದರು. ಅವರಲ್ಲಿ ಒಬ್ಬ ಬಸ್ಸಿನ ಡ್ರೈವರು ವರ್ಷವರ್ಷವೂ ಒಂದು ಬುಟ್ಟಿ ಹಣ್ಣು ತಂದು ಅವಳ ಸ್ಟೂಲಿನ ಮೇಲಿಟ್ಟು ಮಾತಾಡದೆ ಹೋಗುತ್ತಿದ್ದ.

ಅವಳಿಗೊಬ್ಬ ತಂಗಿ. ಹನ್ನೊಂದು ವರ್ಷ ಚಿಕ್ಕವಳು. ಅಮ್ಮ ಬೇಗ ಹೋದದ್ದರಿಂದ ಅಕ್ಕನೇ ಎತ್ತಿ ಆಡಿಸಿ, ತಲೆ ಬಾಚಿ, ಶಾಲೆಗೆ ಕಳಿಸಿ ಬೆಳೆಸಿದ ಕೂಸು. ತಲೆ ಬಾಚಿಸಿಕೊಂಡ ಋಣ ತೀರಿಸುತ್ತೇನೆ ಎಂದು ಆ ಕೂಸು ದೊಡ್ಡದಾಗಿ ಕೂದಲು ಕತ್ತರಿಸುವ ಕಸುಬನ್ನೇ ಹಿಡಿಯಿತು. ಹೆಂಗಸರ ಸಲೂನೊಂದರಲ್ಲಿ ಬೆಳಗಿನಿಂದ ಸಂಜೆ ತನಕ ನಿಂತೇ ಕೆಲಸ. ಗಂಡ ಬೀಗ ರಿಪೇರಿಯವನು, ಮನೆಯ ಹಿಂದಿನ ಕೋಣೆಯಲ್ಲೇ ಕೂತು ಬೀಗದ ಕೈಗಳಿಗೆ ಅರ ಉಜ್ಜುವ ಮಿತಭಾಷಿ. ಮಗಳಿಗೆ ಹದಿನೈದು. ತಂಗಿಯ ಬಾಯಿಗೆ ಮಾತ್ರ ಬೀಗವಿಲ್ಲ ಎಂದು ಅಕ್ಕ ಚುಡಾಯಿಸುತ್ತಿದ್ದಳು.

ತಂಗಿಗೆ ಒಂದೇ ಒಂದು ಹುಚ್ಚು, ಈಜು. ಭಾನುವಾರ ಬಂತೆಂದರೆ ಮಗಳನ್ನು ಎಳೆದುಕೊಂಡು ಊರಿನ ಈಜುಕೊಳಕ್ಕೆ ಹೋಗಿ ತುಟಿ ನೀಲಿಯಾಗುವ ತನಕ ನೀರಲ್ಲಿ ಬಿದ್ದಿರುತ್ತಿದ್ದಳು. ಮೂರು ವರ್ಷದ ಹಿಂದೆ ಕೊಳದ ಮೆಟ್ಟಿಲಲ್ಲಿ ಯಾರದೋ ಪುಟ್ಟ ಮಗು ಅವಳ ಕಾಲನ್ನೇ ನೋಡಿ, “ಆಂಟಿ, ನಿಮ್ಮ ಕಾಲ ಮೇಲೆ ಪೆನ್ನಲ್ಲಿ ಯಾರು ಗೀಚಿದ್ದು?” ಎಂದು ಕೇಳಿತು. ಮಗುವಿನ ತಾಯಿ ನಾಲಿಗೆ ಕಚ್ಚಿಕೊಂಡಳು. ತಂಗಿ ನಕ್ಕು, “ಜೇಡ ಮನೆ ಕಟ್ಟಿದೆ ಪುಟ್ಟಾ, ಬಾಡಿಗೆನೂ ಕೊಡಲ್ಲ,” ಅಂದಳು. ಅಂದವಳು ಮುಂದಿನ ಭಾನುವಾರ ಕೊಳಕ್ಕೆ ಹೋಗಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಮಗಳು ಒಬ್ಬಳೇ ಹೋಗತೊಡಗಿದಳು.

ಅಕ್ಕನಿಗೆ ಅದು ಸಹಿಸಲಾಗಲಿಲ್ಲ. ಊರಿನವರ ಕಾಲೆಲ್ಲ ತನ್ನ ಕೈ ಮೇಲೆ ಹಾದುಹೋಗುವಾಗ ಮನೆಯ ಹುಡುಗಿ ನೀರಿಗಿಳಿಯಲು ನಾಚುವುದೇ? ಸಿಕ್ಕಾಗಲೆಲ್ಲ ದುಂಬಾಲು ಬೀಳುತ್ತಿದ್ದಳು. ತಂಗಿಗೆ ಸೂಜಿ ಎಂದರೆ ಪ್ರಾಣಭಯ. ಇವತ್ತು ನಾಳೆ ಎಂದು ಮೂರು ವರ್ಷ ತಳ್ಳಿದಳು. ಆಮೇಲೊಮ್ಮೆ ಕೆಟ್ಟ ಜ್ವರ ಬಂದು ವಾರವಿಡೀ ಹಾಸಿಗೆ ಬಿಟ್ಟು ಏಳದೆ ಮಲಗಿದಳು. ಎದ್ದು ಎರಡು ದಿನಕ್ಕೆ ತಾನೇ ಫೋನು ಮಾಡಿದಳು.

“ಅಕ್ಕಾ, ಹೇಗೂ ರಜೆ ಹಾಕಿದ್ದೀನಿ, ಇನ್ನೆರಡು ದಿನ ಉಳಿದಿದೆ. ನಿನ್ನ ಸೂಜಿ ಡಾಕ್ಟರು ನಾಳೆ ಇರ್ತಾರಾ? ಧೈರ್ಯ ಇರೋವಾಗಲೇ ಚುಚ್ಚಿಸಿಕೊಂಡುಬಿಡ್ತೀನಿ, ನಾಡಿದ್ದಿಗೆ ಈ ಧೈರ್ಯ ಇರಲ್ಲ.”

“ಬಾ ಬಾ, ನೀನು ಬಂದ್ರೆ ಆರತಿ ಎತ್ತೋದೊಂದು ಬಾಕಿ,” ಅಂದಳು ಅಕ್ಕ. ಆ ಸಂತೋಷ ಅವಳಿಗೆ ನೆನಪಿದೆ. ಫೋನಿಟ್ಟ ಮೇಲೂ ಒಬ್ಬಳೇ ನಗುತ್ತಿದ್ದಳು.

ಮರುದಿನ ಬೆಳಿಗ್ಗೆ ಹತ್ತು ಗಂಟೆ. ಕಾರ್ಡು ಬರೆಯುವ ರಿಸೆಪ್ಶನ್ ಹುಡುಗಿ ಮುಂದಿನ ಬಾಗಿಲಲ್ಲಿ ನೀರಿನ ಕ್ಯಾನಿನವನ ಜತೆ ಜಗಳಕ್ಕೆ ನಿಂತಿದ್ದಳು, ಐದು ನಿಮಿಷ ಅಂದವಳು ಬಂದಿರಲಿಲ್ಲ. ಹೊರಗೆ ಆರು ಜನ ಕಾಯುತ್ತಿದ್ದರು. ತಂಗಿ ಚಪ್ಪಲಿ ಕಳಚಿ ಪೀಠ ಹತ್ತಿದಳು, ಕೈ ಸೊಂಟದ ಮೇಲಿಟ್ಟು, “ಯಾರಲ್ಲಿ! ಮಹಾರಾಣಿಯ ಪಾದ ಅಳೆಯಿರಿ!” ಅಂದಳು. ಅಕ್ಕ ಸ್ಟೂಲಿನ ಮೇಲೆ ಕೂತು ಟೇಪನ್ನು ಬಲಗಾಲಿನ ಗಂಟಿಗೆ ಸುತ್ತಿದಳು.

“ಇಪ್ಪತ್ತೆರಡು,” ಎಂದು ಜೋರಾಗಿ ಹೇಳಿ ತಾನೇ ಬರೆದುಕೊಂಡಳು. ಮೀನಖಂಡ, “ಮೂವತ್ತಾರು.” ಮೊಣಕಾಲಿನ ಕೆಳಗೆ, “ಮೂವತ್ತನಾಲ್ಕು.”

ಮೊಣಕಾಲಿನ ಹಿಂದೆ ಬೆರಳು ತಾಗಿದ್ದೇ ತಡ, ತಂಗಿಗೆ ಕಚಗುಳಿ. ಮಗುವಾಗಿದ್ದಾಗ ಸ್ನಾನ ಮಾಡಿಸುವಾಗಲೂ ಹಾಗೇ, ಆ ಜಾಗ ಮುಟ್ಟಿದರೆ ಬಚ್ಚಲೆಲ್ಲ ನೀರು ಚೆಲ್ಲುತ್ತಿದ್ದಳು. ಈಗ ಪೀಠದಿಂದ ವಾಲಿ ಅಕ್ಕನ ತಲೆಯನ್ನೇ ಹಿಡಿದುಕೊಂಡಳು. ಡಬ್ಬಿಗಳ ಒಂದು ಸಾಲು ದಡದಡನೆ ಉರುಳಿತು. ಟೇಪು ಎಲ್ಲೋ ಬಿತ್ತು. ಇಬ್ಬರಿಗೂ ನಗು ತಡೆಯಲಾಗಲಿಲ್ಲ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಪರದೆಯ ಆಚೆಯಿಂದ ಡಾಕ್ಟರು, “ಅಳತೆಯಕ್ಕ, ಆಯ್ತಾ?” ಎಂದು ಕೂಗಿದರು.

“ಆಯ್ತು ಸಾರ್,” ಅಂದಳು ಅವಳು. ಕಣ್ಣೊರೆಸಿಕೊಳ್ಳುತ್ತ ಎಡ ಎಂಬ ಸಾಲಿನಲ್ಲಿ ಮೂರು ಮನೆಗಳಲ್ಲೂ ‘ಅದೇ’ ಎಂದು ಬರೆದಳು. ಈ ಕಾಲಿಗೆ ಎಣ್ಣೆ ತಿಕ್ಕಿದವಳು ತಾನು, ಮುಳ್ಳು ತೆಗೆದವಳು ತಾನು, ಮೊದಲ ಬೂಟಿನ ಲೇಸು ಕಟ್ಟಿದವಳು ತಾನು. ಎಡ ಯಾವುದು ಬಲ ಯಾವುದು ಎಂದು ಕಲಿಸಿದವಳೂ ತಾನೇ. ಇದನ್ನು ಬೇರೆ ಅಳೆಯಬೇಕೇ? ಹತ್ತೊಂಬತ್ತು ವರ್ಷದಲ್ಲಿ ಬೇರೆ ಯಾರಿಗೂ ಅವಳು ಹಾಗೆ ಬರೆದಿರಲಿಲ್ಲ.

ಉರುಳಿದ ಡಬ್ಬಿ ಎತ್ತುವಾಗ ತಂಗಿಯ ಚಪ್ಪಲಿ ಕಣ್ಣಿಗೆ ಬಿತ್ತು. ಬಲದ ಪಟ್ಟಿ ಮೂರನೆಯ ತೂತಿಗೆ ಹಾಕಿತ್ತು. ಎಡದ್ದು ಕೊನೆಯ ತೂತಿಗೆ, ಪೂರ್ತಿ ಸಡಿಲ. ಅದನ್ನು ಅವಳು ನೋಡಿದಳು. ಜೋಡಿಸಿ ಗೋಡೆಯ ಬದಿಗಿಟ್ಟಳು.

ಡಾಕ್ಟರು ಕಾರ್ಡಿನ ಮೇಲೆ ಕಣ್ಣಾಡಿಸಿ, “ಸಮ ಇದೆ, ಬನ್ನಿ ತಾಯಿ, ಮಲಗಿ,” ಅಂದರು. ತಂಗಿ ಅಕ್ಕನ ಕೈಯನ್ನು ಬಿಗಿಯಾಗಿ ಹಿಡಿದು ಕಣ್ಣು ಮುಚ್ಚಿದಳು. ಇಪ್ಪತ್ತು ನಿಮಿಷದಲ್ಲಿ ಎರಡೂ ಕಾಲಿನದು ಮುಗಿಯಿತು. “ಇಷ್ಟೇನಾ? ಇದಕ್ಕೆ ಮೂರು ವರ್ಷ ಹೆದರಿದ್ನಾ? ಇರುವೆ ಕಚ್ಚಿದ್ರೆ ಇದಕ್ಕಿಂತ ಜೋರು!” ಎಂದು ಎದ್ದು ಕೂತಳು. ಅಕ್ಕ ತಾನೇ ಮೊಣಕಾಲೂರಿ ಎರಡೂ ಕಾಲಿಗೆ ಚೀಲ ಏರಿಸಿದಳು. ಬಲದ್ದು ಸಲೀಸಾಗಿ ಏರಿತು. ಎಡದ್ದಕ್ಕೆ ಎರಡು ಸಲ ಎಳೆಯಬೇಕಾಯಿತು. ಕೈ ಬೆವರಿದೆ ಅಂದುಕೊಂಡಳು.

ಆರನೆಯ ದಿನ ಸಂಜೆ ತಂಗಿಯ ಫೋನು ಬಂತು.

“ಅಕ್ಕಾ, ಎಡಗಾಲು ತುಂಬಾ ಬಿಗಿ ಅನಿಸ್ತಿದೆ. ಮೀನಖಂಡದಲ್ಲಿ ಒಳಗೆ ಯಾರೋ ಹಿಂಡಿದ ಹಾಗೆ. ಚೀಲ ತೆಗೆದುಬಿಡ್ಲಾ?”

ಮೊದಲ ವಾರ ಚೀಲ ಹಾಕಿದವರೆಲ್ಲ ಹೇಳುವ ಮಾತೇ ಇದು. ಆ ದಿನ ಅದನ್ನು ಹೇಳಿದವರಲ್ಲಿ ತಂಗಿ ಮೂರನೆಯವಳು. ಅಳತೆಯಕ್ಕನ ಬಾಯಲ್ಲಿ ಉತ್ತರ ಸಿದ್ಧವಾಗಿಯೇ ಇತ್ತು, ಅಕ್ಕನಿಗೆ ಯೋಚನೆ ಮಾಡುವ ಕೆಲಸವೇ ಬೀಳಲಿಲ್ಲ.

“ತೆಗೆದ್ರೆ ಚುಚ್ಚಿಸಿಕೊಂಡದ್ದೆಲ್ಲ ದಂಡ. ಬಿಗಿ ಇರ್ಲಿ ಅಂತಾನೇ ಅದನ್ನ ಮಾಡಿರೋದು. ಸ್ವಲ್ಪ ನಡಿ, ಮಲಗೋವಾಗ ಕಾಲ ಕೆಳಗೆ ದಿಂಬು ಇಟ್ಕೋ. ಜೀವಕ್ಕೇನೂ ಇಲ್ಲ.”

“ಸರಿ ಡಾಕ್ಟರಮ್ಮ,” ಅಂದಳು ತಂಗಿ. “ಮುಂದಿನ ತಿಂಗಳು ಕೊಳಕ್ಕೆ ನೀನೂ ಬರ್ಬೇಕು ಮತ್ತೆ. ದಡದಲ್ಲಿ ಕೂತು ಟವಲ್ ಹಿಡ್ಕೊಂಡಿರು, ಸಾಕು.”

ಒಂಬತ್ತನೆಯ ದಿನ ಸಲೂನಿನಲ್ಲಿ ಒಬ್ಬ ಗಿರಾಕಿಯ ಕೂದಲು ಅರ್ಧ ಕತ್ತರಿಸಿದ್ದಳು. ಉಸಿರು ಸಿಗುತ್ತಿಲ್ಲ ಎಂದು ಕತ್ತರಿಯನ್ನು ಕನ್ನಡಿಯ ಮುಂದಿನ ಹಲಗೆಯ ಮೇಲೆ ನೆಟ್ಟಗೆ ಇಟ್ಟು, ಹಾಗೇ ಕುಸಿದಳು.

ಅಳತೆಯಕ್ಕ ಕೆಲಸದಿಂದ ಎದ್ದವಳು ಎದ್ದ ಹಾಗೇ ದೊಡ್ಡಾಸ್ಪತ್ರೆಗೆ ಓಡಿದಳು. ಮೂಗು ಬಾಯಿಗೆಲ್ಲ ನಳಿಕೆ ಹಾಕಿದ ತಂಗಿಯ ಎದೆಯನ್ನು ಒಂದು ಯಂತ್ರ ಮೇಲೆ ಕೆಳಗೆ ಮಾಡುತ್ತಿತ್ತು. ನರ್ಸು ಹೊದಿಕೆ ಸರಿಸಿ ಏನೋ ನೋಡುತ್ತಿದ್ದಳು. ಎರಡು ಕಾಲೂ ಪಕ್ಕಪಕ್ಕದಲ್ಲಿ ಮಲಗಿದ್ದವು. ಹತ್ತೊಂಬತ್ತು ವರ್ಷ ಕಾಲು ನೋಡಿದವಳಿಗೆ ಟೇಪು ಬೇಕಿರಲಿಲ್ಲ. ಆದರೂ ಅವಳ ಕೈ ತಾನಾಗಿ ಕೊರಳಿಗೆ ಹೋಯಿತು. ಬಲದ ಮೀನಖಂಡಕ್ಕೆ ಸುತ್ತಿದಳು.

“ಮೂವತ್ತಾರು,” ಎಂದು ಜೋರಾಗಿ ಹೇಳಿದಳು.

ಎಡಕ್ಕೆ ಸುತ್ತಿದಳು. “ನಲವತ್ತು.”

ನರ್ಸು ತಿರುಗಿ ನೋಡಿದಳು. ಬರೆದುಕೊಳ್ಳುವವರು ಅಲ್ಲಿ ಯಾರೂ ಇರಲಿಲ್ಲ.

ಆಸ್ಪತ್ರೆಯ ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮುಚ್ಚುಮರೆಯಿಲ್ಲದ ಮಾತು. ಹೊರಗಿನ ಬೆಂಚಿನ ಬಳಿ ಬಂದು ತಂಗಿಯ ಗಂಡನಿಗೂ ಅಕ್ಕನಿಗೂ ವಿವರಿಸಿದರು. ಎಡಗಾಲಿನ ಆಳದ ನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು, ಅದರ ತುಂಡು ಶ್ವಾಸಕೋಶಕ್ಕೆ ಹೋಗಿದೆ. ಹೆಪ್ಪು ಸೂಜಿ ಚುಚ್ಚಿದ ಮೇಲೆ ಆದದ್ದಲ್ಲ, ಅದಕ್ಕಿಂತ ಹಳೆಯದು, ಬಹುಶಃ ಜ್ವರದಲ್ಲಿ ಅಲುಗದೆ ಮಲಗಿದ್ದಾಗ ಶುರುವಾದದ್ದು. “ಸೂಜಿಗೆ ಮೊದಲು ಎರಡೂ ಕಾಲನ್ನ ಯಾರಾದ್ರೂ ಅಳೆದು ನೋಡಿದ್ರಾ? ಆಗಲೇ ಸ್ವಲ್ಪ ದಪ್ಪ ಇದ್ದಿರಬೇಕಲ್ಲ,” ಎಂದು ಕೇಳಿದರು.

“ನೋಡಿದ್ದಾರೆ ಮೇಡಂ,” ಅಂದ ಬೀಗದವನು. ಅವನು ತಾನಾಗಿ ಮಾತಾಡಿದ್ದನ್ನು ಅಕ್ಕ ಕೇಳಿದ್ದೇ ಅಪರೂಪ. “ನಮ್ಮ ಅಕ್ಕಾನೇ ಅಳೆದದ್ದು. ಅವರ ಕೈ ತಪ್ಪಲ್ಲ. ಎರಡೂ ಸಮ ಇತ್ತು.”

ಅಕ್ಕ ಟೇಪನ್ನು ಮುಷ್ಟಿಯೊಳಗೆ ಮುದುರಿಕೊಂಡಳು. ಡಾಕ್ಟರು ತಮ್ಮ ಹಾಳೆಯಲ್ಲಿ ಏನೋ ಬರೆದುಕೊಂಡು ಒಳಗೆ ಹೋದರು.

ಆಸ್ಪತ್ರೆ ಸೇರಿದ ಮೂರನೆಯ ದಿನ ಮಧ್ಯಾಹ್ನ ತಂಗಿ ಹೋದಳು.

ಅಳು ಬಂದದ್ದೆಲ್ಲ ಬೇರೆಯವರಿಗೆ. ಅಳತೆಯಕ್ಕನಿಗೆ ಅಳುವ ಹಕ್ಕೂ ತನಗಿಲ್ಲ ಅನ್ನಿಸಿತು. ಬಂದವರು ಅವಳ ಬೆನ್ನು ಸವರಿ, ಅಮ್ಮನ ಹಾಗೆ ಸಾಕಿದ್ದೆಯಲ್ಲಾ ತಾಯಿ ಅನ್ನುತ್ತಿದ್ದರು. ಒಂದೊಂದು ಮಾತೂ ಅವಳಿಗೆ ಕೆನ್ನೆಗೆ ಹೊಡೆದ ಹಾಗಾಗುತ್ತಿತ್ತು. ಊಟದ ತಟ್ಟೆಯ ಮುಂದೆ ಕೂತರೆ ಕೊನೆಯ ತೂತಿಗೆ ಹಾಕಿದ ಚಪ್ಪಲಿಯ ಪಟ್ಟಿ ಕಾಣುತ್ತಿತ್ತು. ಎದ್ದುಬಿಡುತ್ತಿದ್ದಳು.

ವಾರ ಕಳೆದ ಮೇಲೆ ಕ್ಲಿನಿಕ್ಕಿಗೆ ಹೋದಳು. ಡಾಕ್ಟರ ಮೇಜಿನ ಮೇಲೆ ಆ ಕಾರ್ಡಿತ್ತು. ಅವಳು ಕೂರದೆ ನಿಂತೇ ಹೇಳಿದಳು. “ಸಾರ್, ಎಡಗಾಲು ನಾನು ಅಳೆಯಲಿಲ್ಲ. ಸುಮ್ಮನೆ ಬರೆದೆ.”

ಡಾಕ್ಟರು ಕಾರ್ಡನ್ನು ತಮ್ಮ ಕಡೆ ಎಳೆದುಕೊಂಡರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. “ಅದೇ, ಅದೇ, ಅದೇ ಅಂತ ಬರೆದಿದ್ದೀರಿ,” ಅಂದರು. “ಹತ್ತೊಂಬತ್ತು ವರ್ಷದಲ್ಲಿ ನೀವು ಅಂಕಿ ಬರೆಯದೆ ಅದೇ ಅಂತ ಬರೆದದ್ದು ನಾನು ನೋಡಿಲ್ಲ. ಆವತ್ತು ನೋಡಿದೆ, ನೋಡಿಯೂ ಕೇಳಲಿಲ್ಲ. ನಾನು ಕಾರ್ಡು ನೋಡಿದೆ ಅಕ್ಕ, ಕಾಲು ನೋಡಲಿಲ್ಲ.”

“ನಾನು ಅವರ ಮನೆಗೆ ಹೋಗಿ ಹೇಳ್ತೀನಿ.”

“ಹೇಳಿದ್ರೆ ಅವಳು ಎದ್ದು ಬರ್ತಾಳಾ?” ಡಾಕ್ಟರ ದನಿ ಗಟ್ಟಿಯಾಯಿತು, ಮತ್ತೆ ಕುಗ್ಗಿತು. “ಆ ಮನುಷ್ಯನಿಗೆ ಈಗ ಇರೋದು ಒಂದೇ ಸಮಾಧಾನ, ಯಾರದೂ ತಪ್ಪಿಲ್ಲ ಅನ್ನೋದು. ಅದನ್ನೂ ಕಿತ್ಕೊಳ್ತೀರಾ? ಯೋಚನೆ ಮಾಡಿ.” ಕಾರ್ಡನ್ನು ಖಾನೆಯೊಳಗಿಟ್ಟರು. ಅದು ಅವರ ಕರುಣೆಯೋ ಹೆದರಿಕೆಯೋ ಅವಳಿಗೆ ತಿಳಿಯಲಿಲ್ಲ. ಬಹುಶಃ ಅವರಿಗೂ ತಿಳಿದಿರಲಿಲ್ಲ.

ಅವಳು ಯೋಚನೆ ಮಾಡಿದಳು. ಯೋಚನೆ ಎಂದರೆ ಏನು ಮಹಾ, ಗಾಣದ ಎತ್ತು ತಿರುಗಿದ ಹಾಗೆ ಅಲ್ಲಲ್ಲೇ. ಎರಡು ಸಲ ತಂಗಿಯ ಮನೆಯ ಬೀದಿಯ ತನಕ ಹೋಗಿ, ಹಿಂದಿನ ಕೋಣೆಯಿಂದ ಬರುವ ಅರದ ಸದ್ದು ಕೇಳಿ, ವಾಪಸು ಬಂದಳು. ಹೆಂಡತಿ ಹೋದ ಮೇಲೆ ಆ ಮನುಷ್ಯ ಬೆಳಗಿನಿಂದ ಸಂಜೆ ತನಕ ಉಜ್ಜುತ್ತಲೇ ಇರುತ್ತಾನೆ, ಗಿರಾಕಿ ಕೇಳದ ಬೀಗದ ಕೈಗಳನ್ನೂ ಮಾಡುತ್ತಾನೆ ಎಂದು ಅಕ್ಕಪಕ್ಕದವರು ಹೇಳಿದರು.

ಮೂರನೆಯ ಸಲ, ಒಂದು ಭಾನುವಾರ ಮಧ್ಯಾಹ್ನ, ಒಳಗೆ ಹೋದಳು. ಇವತ್ತು ಹೇಳಿಯೇ ಬಿಡುವುದು ಎಂದು ಗಟ್ಟಿ ಮನಸ್ಸು ಮಾಡಿದ್ದಳು. ಬಾಗಿಲು ತೆಗೆದದ್ದು ಮಗಳು. ಭಾನುವಾರ ಈಜಿಗೆ ಹೋಗಬೇಕಾದ ಹುಡುಗಿ ಮನೆಯಲ್ಲೇ ಇತ್ತು. ಹಿಂದಿನ ಕೋಣೆಯಲ್ಲಿ ಅರ ಕರಕರ ಅನ್ನುತ್ತಿತ್ತು.

“ಅಪ್ಪನ್ನ ಕರಿ,” ಅಂದಳು.

“ಒಂದು ನಿಮಿಷ ದೊಡ್ಡಮ್ಮ. ಮೊದಲು ನನಗೆ ಒಂದು ಹೇಳು.” ಹುಡುಗಿ ಅವಳ ಕೈ ಹಿಡಿದು ಮಹಡಿಯ ಮೆಟ್ಟಿಲ ಬಳಿ ಎಳೆದುಕೊಂಡು ಹೋದಳು. ಅತ್ತಿತ್ತ ನೋಡಿ, ಪ್ಯಾಂಟು ಮಡಚಿ ಹಿಂದೆ ತಿರುಗಿ ನಿಂತಳು. ಎಡ ಮೊಣಕಾಲಿನ ಹಿಂದೆ ಕೂದಲೆಳೆಯಂಥ ಎರಡು ಕೆಂಪು ಗೆರೆ, ಒಂದು ನೀಲಿ. “ಇದು ಅಮ್ಮನಿಗೆ ಇದ್ದಿದ್ದೇ ಅಲ್ವಾ? ಅಪ್ಪನಿಗೆ ಹೇಳಿಲ್ಲ. ಅದಕ್ಕೇ ನಾನು ಈಜಿಗೂ ಹೋಗ್ತಿಲ್ಲ. ನನ್ನ ಕಾಲು ಅಳೆದು ನೋಡು.”

ದೊಡ್ಡಮ್ಮನ ಕೊರಳಲ್ಲಿ ಟೇಪು ಇದ್ದೇ ಇತ್ತು. ಹುಡುಗಿಯನ್ನು ಕೆಳಗಿನ ಮೆಟ್ಟಿಲ ಮೇಲೆ ನಿಲ್ಲಿಸಿ ತಾನು ನೆಲದ ಮೇಲೆ ಕೂತಳು. “ಒಂದು ಪುಸ್ತಕ ತಗೋ. ನಾನು ಹೇಳ್ತೀನಿ, ನೀನು ಬರಿ. ಅಳತೆ ಒಬ್ಬರೇ ಮಾಡೋ ಕೆಲಸ ಅಲ್ಲ,” ಅಂದಳು. ಹುಡುಗಿ ಶಾಲೆಯ ಪುಸ್ತಕದ ಕೊನೆಯ ಹಾಳೆಯಲ್ಲಿ ಬಲ, ಎಡ ಎಂದು ಬರೆದುಕೊಂಡು ಪೆನ್ನು ಹಿಡಿದು ನಿಂತಳು.

“ಬಲ, ಮೂವತ್ತಮೂರು.”

ಎಡಕ್ಕೆ ಸುತ್ತಿದಳು. ಬಿಚ್ಚಿ ಮತ್ತೊಮ್ಮೆ ಸುತ್ತಿದಳು. “ಎಡ, ಮೂವತ್ತಮೂರೂವರೆ.”

ಪೆನ್ನು ನಿಂತಿತು. “ಅರ್ಧ ಜಾಸ್ತಿ ಇದೆ,” ಅಂದಳು ಹುಡುಗಿ. ಅವಳ ಮುಖ ಬಿಳಿಚಿಕೊಂಡಿತ್ತು. “ಅಮ್ಮಂದು ಎರಡೂ ಸಮ ಇತ್ತಲ್ವಾ? ಅಪ್ಪ ಎಲ್ಲರಿಗೂ ಅದನ್ನೇ ಹೇಳ್ತಾರೆ. ಸಮ ಇದ್ದೂ ಹಾಗಾಯ್ತು. ನಂದು ಸಮ ಕೂಡ ಇಲ್ಲ. ಹಾಗಾದ್ರೆ ನನಗೂ...” ಹದಿನೈದು ವರ್ಷದ ಮಗು ಒಂದು ತಿಂಗಳಿಂದ ಈ ಹೆದರಿಕೆಯನ್ನು ಒಬ್ಬಳೇ ನುಂಗಿಕೊಂಡು ಕೂತಿತ್ತು ಎನ್ನುವುದು ಅಳತೆಯಕ್ಕನಿಗೆ ಆಗ ತಿಳಿಯಿತು.

ಅರ್ಧ ಸೆಂಟಿಮೀಟರು ಏನೂ ಅಲ್ಲ. ಎಲ್ಲರಿಗೂ ಇರುತ್ತದೆ. ಅದನ್ನು ಹೇಳಿದರೆ ಈ ಮಗು ನಂಬುವುದಾದರೂ ಹೇಗೆ? ಎರಡೂ ಸಮ ಇದ್ದವಳೇ ಸತ್ತಿದ್ದಾಳೆ ಎಂದು ಅಪ್ಪ ಅದಕ್ಕೆ ಹೇಳಿಬಿಟ್ಟಿದ್ದಾನೆ. ಸಮ ಎಂಬ ಆ ಒಂದು ಮಾತು ಈ ಮನೆಯಲ್ಲಿ ಇರುವ ತನಕ ಈ ಹುಡುಗಿ ತನ್ನ ಕಾಲನ್ನು ನೋಡಿಕೊಂಡು ನಡುಗುತ್ತಲೇ ಇರುತ್ತಾಳೆ, ಯಾರು ಎಷ್ಟು ಸಲ ಅಳೆದರೂ. ತಾನು ಬರೆದ ಆ ಮಾತನ್ನು ಅಳಿಸಲು ತನ್ನೊಬ್ಬಳಿಂದಲೇ ಆಗುತ್ತದೆ. ಅಳಿಸಿದ ಮೇಲೆ ಈ ಮನೆಯ ಬಾಗಿಲು ತನಗೆ ತೆರೆಯುವುದಿಲ್ಲ. ದೊಡ್ಡಮ್ಮ ಎಂದು ಕರೆಯುವ ಒಂದೇ ಒಂದು ಬಾಯಿಯೂ ಹೋಗುತ್ತದೆ.

“ಅರ್ಧ ಏನೂ ಅಲ್ಲ ಮಗಳೇ. ಅರ್ಧ ಎಲ್ಲರಿಗೂ ಇರುತ್ತೆ, ನನಗೂ ಇದೆ,” ಅಂದಳು. “ಈ ಗೆರೆಗೂ ಹೆದರಬೇಡ. ನಿಮ್ಮಮ್ಮ ಹೋದದ್ದು ಈ ಗೆರೆಯಿಂದ ಅಲ್ಲ. ನೀನು ಬರಿ, ನಾನು ಹೇಳ್ತೀನಿ. ನಿಮ್ಮಮ್ಮನ ಬಲಗಾಲು, ಮೂವತ್ತಾರು.”

ಹುಡುಗಿ ಬರೆದಳು. ಬರೆದು, ಎಡದ ಅಂಕಿಗೆ ಕಾದು ನಿಂತಳು.

“ಎಡಗಾಲು ನಾನು ಅಳೆಯಲಿಲ್ಲ.”

ಹುಡುಗಿ ಪುಸ್ತಕದಿಂದ ತಲೆಯೆತ್ತಿದಳು. ಅರ್ಥವಾಗದೆ ಮೊದಲು ಸುಮ್ಮನೆ ನೋಡಿದಳು. ಆಮೇಲೆ ಅರ್ಥವಾಗತೊಡಗಿದ್ದು ಅವಳ ಮುಖದಲ್ಲಿ ಕಂಡಿತು.

“ಅಳೆದಿದ್ರೆ ಗೊತ್ತಾಗ್ತಿತ್ತಾ?”

“ಗೊತ್ತಾಗ್ತಿತ್ತು.”

“ಗೊತ್ತಾಗಿದ್ರೆ ಅಮ್ಮ ಇರ್ತಿದ್ರಾ?”

“ಇರ್ತಿದ್ದಳು.”

“ಯಾಕೆ ಅಳೆಯಲಿಲ್ಲ?”

ಈ ಪ್ರಶ್ನೆಗೆ ಅವಳು ತಿಂಗಳಿಡೀ ಎಷ್ಟೋ ಉತ್ತರ ಕಟ್ಟಿಕೊಂಡಿದ್ದಳು. ಹೊರಗೆ ಆರು ಜನ ಕಾಯುತ್ತಿದ್ದರು, ಬರೆಯುವ ಹುಡುಗಿ ಬಂದಿರಲಿಲ್ಲ, ಡಾಕ್ಟರು ಕೂಗಿದರು.

“ನಾವು ನಗ್ತಾ ಇದ್ವಿ,” ಅಂದಳು.

ಹುಡುಗಿ ಪೆನ್ನಿನ ಮುಚ್ಚಳ ಹಾಕಿದಳು. ಪ್ಯಾಂಟನ್ನು ಕೆಳಗೆ ಇಳಿಸಿಕೊಂಡು, ನೆಲದ ಮೇಲೆ ಕೂತಿದ್ದವಳನ್ನು ದಾಟಿ, ಪುಸ್ತಕ ಹಿಡಿದು ಹಿಂದಿನ ಕೋಣೆಗೆ ಹೋದಳು. ಅಳತೆಯಕ್ಕ ಟೇಪನ್ನು ಕೈಯಲ್ಲಿ ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಅಲ್ಲೇ ಕೂತಿದ್ದಳು. ಒಳಗೆ ಹುಡುಗಿಯ ಸಣ್ಣ ದನಿ ಕೇಳಿಸಿತು. ಅರ ಇನ್ನೆರಡು ಸಲ ಉಜ್ಜಿತು, ಆಮೇಲೆ ನಿಂತಿತು.